ದವಾಖಾನೆಯಿಂದ ಪೊಲೀಸ್ ಕಥೆಗೆ

ಪ್ರಶ್ನೆ: ಮಾನ್ಯರೇ, ಒಂಬತ್ತು ವರ್ಷಗಳಿಂದ ಕಲಬುರಗಿಯ ವಕೀಲರೊಬ್ಬರ ಬಳಿ ಗುಮಾಸ್ತನಾಗಿದ್ದೇನೆ. ಬ್ರಿಟನ್ನಿನ ‘ಲೈನ್ ಆಫ್ ಡ್ಯೂಟಿ’ ಧಾರಾವಾಹಿ ನೋಡಿದ ಮೇಲೆ ಅಂಥದ್ದೊಂದು ಅಪರಾಧ ಕಥೆಯನ್ನು ಕನ್ನಡದಲ್ಲಿ ಬರೆಯುವ ಆಸೆ ಹುಟ್ಟಿದೆ. ಅದರ ಲೇಖಕರು ಮೊದಲು ವೈದ್ಯರಾಗಿದ್ದರಂತೆ, ನಿಜವೇ? ತರಬೇತಿಯಿಲ್ಲದ ನಾನು ಎಲ್ಲಿಂದ ಆರಂಭಿಸಲಿ?
— ಓದುಗ, ಶಹಾಬಾದ್

ಉತ್ತರ: ನಿಜ. ಬರ್ಮಿಂಗ್‌ಹ್ಯಾಮ್‌ನಲ್ಲಿ ವೈದ್ಯಕೀಯ ಓದಿದ ಜೆಡ್ ಮರ್ಕ್ಯೂರಿಯೊ ಕಿರಿಯ ವೈದ್ಯರಾಗಿದ್ದಾಗ, ಆಸ್ಪತ್ರೆಯ ಧಾರಾವಾಹಿಯೊಂದಕ್ಕೆ ನೆರವು ಕೋರಿ ಬಿಬಿಸಿ ವೈದ್ಯರ ಪತ್ರಿಕೆಯಲ್ಲಿ ಕೊಟ್ಟಿದ್ದ ಜಾಹೀರಾತಿಗೆ ಉತ್ತರಿಸಿದರು. ಬರವಣಿಗೆಯ ಅನುಭವವಿಲ್ಲದಿದ್ದರೂ ಕೊನೆಗೆ ಚಿತ್ರಕಥೆಯನ್ನು ಅವರೇ ಬರೆದರು. 1994ರಲ್ಲಿ ಪ್ರಸಾರವಾದ ಆ ‘ಕಾರ್ಡಿಯಾಕ್ ಅರೆಸ್ಟ್’, ನಿದ್ದೆಗೆಟ್ಟು ದುಡಿಯುವ ಕಿರಿಯ ವೈದ್ಯರ ಬದುಕನ್ನು ಬಣ್ಣ ಬಳಿಯದೆ ತೋರಿಸಿತು. ಅದಕ್ಕೆ ಅವರು ಬಳಸಿದ್ದು ಗುಪ್ತನಾಮ.

ನಡುವಿನ ಕೆಲಸಗಳಲ್ಲಿ 2004ರ ‘ಬಾಡೀಸ್’ ಮುಖ್ಯವಾದುದು. ಹಿರಿಯ ವೈದ್ಯನ ಕೈತಪ್ಪುಗಳನ್ನು ಸಹೋದ್ಯೋಗಿಗಳೇ ಮುಚ್ಚಿಡುವ ಕಥೆ ಅದು. 2012ರಲ್ಲಿ ಆರಂಭವಾದ ‘ಲೈನ್ ಆಫ್ ಡ್ಯೂಟಿ’ಯ ಮೊದಲ ಕಂತನ್ನು ನೆನಪಿಸಿಕೊಳ್ಳಿ: ಪೊಲೀಸರು ತಪ್ಪು ಮನೆಗೆ ನುಗ್ಗಿ ಅಮಾಯಕನೊಬ್ಬನನ್ನು ಕೊಲ್ಲುತ್ತಾರೆ, ಎಲ್ಲರೂ ಒಂದೇ ಸುಳ್ಳು ಹೇಳಬೇಕೆಂದು ಮೇಲಿನಿಂದ ಒತ್ತಡ ಬರುತ್ತದೆ, ಆ ತಂಡದ ಅಧಿಕಾರಿ ಆರ್ನಾಟ್ ಒಬ್ಬ ಒಪ್ಪುವುದಿಲ್ಲ. ಆಸ್ಪತ್ರೆಯ ಜಾಗಕ್ಕೆ ಪೊಲೀಸ್ ಇಲಾಖೆ ಬಂದಿದೆಯೇ ಹೊರತು, ತನ್ನವರ ತಪ್ಪನ್ನು ಸಂಸ್ಥೆಯೊಂದು ಹೇಗೆ ಮರೆಮಾಡುತ್ತದೆ ಎಂಬ ಪ್ರಶ್ನೆ ಬದಲಾಗಿಲ್ಲ. 2021ರಲ್ಲಿ ಆರನೆಯ ಸರಣಿಯ ಕೊನೆಯ ಕಂತನ್ನು ಸುಮಾರು 1.28 ಕೋಟಿ ಜನ ನೋಡಿದರು; ಅದರ ಬಹುಚರ್ಚಿತ ದೃಶ್ಯಗಳಲ್ಲಿ ಹೊಡೆದಾಟಕ್ಕಿಂತ ಹೆಚ್ಚಾಗಿ ಮೇಜು, ಕಡತ, ಪ್ರಶ್ನೆ, ಉತ್ತರಗಳೇ ಇವೆ.

ಹೀಗಿರುವಾಗ ನಿಮ್ಮ ಒಂಬತ್ತು ವರ್ಷಗಳನ್ನು ತರಬೇತಿಯಲ್ಲವೆಂದು ನಾನು ಒಪ್ಪಲಾರೆ. ಪಂಚನಾಮೆಗೆ ಸಹಿ ಹಾಕಿದ ಪಂಚರು ಕಟಕಟೆಯಲ್ಲಿ ನಿಂತು ತಮಗೇನೂ ಗೊತ್ತಿಲ್ಲವೆನ್ನುವುದು, ತಾರೀಖಿನ ಮೇಲೆ ತಾರೀಖು ಬಿದ್ದು ಸಾಕ್ಷಿಯ ನೆನಪು ಮಸುಕಾಗುವುದು, ಅಲೆದಲೆದು ದಣಿದ ಫಿರ್ಯಾದಿ ರಾಜಿಗೆ ಇಳಿಯುವುದು, ಇವೆಲ್ಲ ನೀವು ಹತ್ತಿರದಿಂದ ಕಂಡ ಸಂಗತಿಗಳು. ನಮ್ಮ ಧಾರಾವಾಹಿಗಳ ನ್ಯಾಯಾಲಯಗಳಲ್ಲಿ ನನಗೆ ಇವು ಕಂಡದ್ದು ಬಹಳ ಅಪರೂಪ.

ಒಂದು ಎಚ್ಚರಿಕೆ ಅಗತ್ಯ. ಕಕ್ಷಿದಾರರ ಗುಟ್ಟು ಕಾಯುವ ಹೊಣೆ ವಕೀಲರಂತೆ ಅವರ ಗುಮಾಸ್ತರಿಗೂ ಕಾನೂನಿನಲ್ಲೇ ಇದೆ. ಆದ್ದರಿಂದ ನಡೆದ ಪ್ರಕರಣವನ್ನು ಹೆಸರು ಬದಲಿಸಿ ಬರೆಯುವುದು ಸಾಲದು. ಘಟನೆಯನ್ನೇ ಹೊಸದಾಗಿ ಕಲ್ಪಿಸಿ, ನೀವು ಕಂಡ ಕಾರ್ಯವಿಧಾನವನ್ನು ಮಾತ್ರ ಅದರೊಳಗೆ ತನ್ನಿ. ಮೊದಲಿಗೆ ಇಡೀ ಸರಣಿಯ ಯೋಚನೆ ಬಿಟ್ಟು, ಒಬ್ಬ ಪಂಚನ ಪಾಟಿ ಸವಾಲನ್ನು ಐದು ಪುಟಗಳಲ್ಲಿ ಬರೆಯಿರಿ. ಅವನು ಯಾರಿಗೆ ಹೆದರಿ ಸುಳ್ಳು ಹೇಳುತ್ತಿದ್ದಾನೆಂಬುದು ಅವನ ಉತ್ತರಗಳಿಂದಲೇ ತಿಳಿಯುವಂತಿದ್ದರೆ, ಎರಡನೆಯ ದೃಶ್ಯಕ್ಕೆ ಹೋಗಬಹುದು.