ಎಕ್ಸ್‌ರೇ ಸರಿ ಇದೆ, ಮಂಡಿ ಸರಿ ಇಲ್ಲ

ಪ್ರಶ್ನೆ: ವಾಲಿಬಾಲ್ ಆಡುತ್ತೇನೆ. ನೆಗೆದಾಗಲೆಲ್ಲ ಮಂಡಿಚಿಪ್ಪಿನ ಕೆಳತುದಿಯಲ್ಲಿ ಚುಚ್ಚಿದಂಥ ನೋವು. ಎಕ್ಸ್‌ರೇಯಲ್ಲಿ ಏನೂ ಇಲ್ಲವಂತೆ. ಎಂಆರ್‌ಐ ಮಾಡಿಸಲೇ?

ಉತ್ತರ: ಎಕ್ಸ್‌ರೇ ತೋರಿಸುವುದು ಮುಖ್ಯವಾಗಿ ಮೂಳೆಯನ್ನು. ನಿಮ್ಮ ನೋವು ಚಿಪ್ಪನ್ನು ಕೆಳಗಿನ ಕಾಲುಮೂಳೆಗೆ ಕಟ್ಟುವ ಸ್ನಾಯುರಜ್ಜಿನದ್ದು (ಟೆಂಡನ್) ಇರಬಹುದು. ಆ ರಜ್ಜು ಪೂರ್ತಿ ಹರಿದಿದ್ದರೆ ಚಿಪ್ಪು ಮೇಲಕ್ಕೆ ಸರಿದದ್ದು ಅದರಲ್ಲಿ ಕಾಣಬಹುದು. ಆಗ ಮಡಿಚಿದ ಕಾಲನ್ನು ನೇರ ಮಾಡುವುದೇ ಕಷ್ಟ. ನೀವೋ ಇನ್ನೂ ನೆಗೆಯುತ್ತಿದ್ದೀರಿ! ಮೊದಲಿಗೆ ಅಲ್ಟ್ರಾಸೌಂಡ್ ಸಾಕು. ಆರೋಗ್ಯವಂತ ರಜ್ಜು ಅದರಲ್ಲಿ ಬಾಚಿದ ಕೂದಲಿನಂತೆ ಎಳೆಎಳೆಯಾಗಿ ಹೊಳೆಯುತ್ತದೆ. ಕೆಟ್ಟದ್ದು ಊದಿಕೊಂಡು ಕಪ್ಪಾಗಿರುತ್ತದೆ. ಆದರೆ ಚರ್ಮದ ಮೇಲೆ ಆಡಿಸುವ ಪ್ರೋಬ್ ತುಸು ಓರೆಯಾದರೆ ಒಳ್ಳೆಯ ರಜ್ಜೂ ಕಪ್ಪಾಗಿ ಕಾಣುತ್ತದೆ. ಕಲಿಯುವ ದಿನಗಳಲ್ಲಿ ಹೀಗೆ ಮೋಸಹೋಗಿ, ‘ಹರಿದಿದೆ’ ಎಂದು ಬರೆದು ಬೈಸಿಕೊಂಡವನು ನಾನು. ಮಂಡಿಯೊಳಗಿನ ಮೆತ್ತೆಯಾದ ಮೆನಿಸ್ಕಸ್ ಅಥವಾ ಮೂಳೆತುದಿಗಳನ್ನು ಹೊದೆದ ಮೃದ್ವಸ್ಥಿಯ ಮೇಲೂ ಅನುಮಾನವಿದ್ದರೆ ಎಂಆರ್‌ಐ ಬೇಕಾಗುತ್ತದೆ. ನೋವೇ ಇಲ್ಲದ ಆಟಗಾರರ ರಜ್ಜಿನಲ್ಲೂ ಇಂಥ ಬದಲಾವಣೆ ಸಿಗುವುದುಂಟು. ಹಾಗಾಗಿ ಪರೀಕ್ಷೆಗೆ ಮಲಗಿದಾಗ ನೋಯುವ ಜಾಗವನ್ನು ಒಂದೇ ಬೆರಳಿಟ್ಟು ತೋರಿಸಿ.