ಓದುಗರ ಪ್ರಶ್ನೆ: ಸಣ್ಣ ಕಾಲೇಜುಗಳ ಅಮೆರಿಕನ್ ಫುಟ್‌ಬಾಲ್ ಮತ್ತು ಹತ್ತು ಶನಿವಾರಗಳು

ಅಮೆರಿಕದ ಇಲಿನಾಯ್ ರಾಜ್ಯದ ನೇಪರ್‌ವಿಲ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ನಾರ್ತ್ ಸೆಂಟ್ರಲ್ ಕಾಲೇಜಿನ ಫುಟ್‌ಬಾಲ್ ಪಂದ್ಯವನ್ನು ನೋಡಿದ ಸಂಗತಿಯನ್ನು ಹಿಂದಿನ ಸಂಚಿಕೆಯಲ್ಲಿ ನಾಲ್ಕು ಸಾಲಿನಲ್ಲಿ ಬರೆದಿದ್ದೆ. ಅದನ್ನು ಓದಿ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: "ಕೆಳಹಂತದ ಕಾಲೇಜು ಫುಟ್‌ಬಾಲ್" ಎಂದು ಬರೆದಿದ್ದೀರಿ. ಕೆಳಹಂತ ಎಂದರೆ ಸೋತವರ ಗುಂಪೇ? ಅಂಥ ಪಂದ್ಯವನ್ನು ಜನ ಏಕೆ ನೋಡುತ್ತಾರೆ?
— ಪದವಿ ವಿದ್ಯಾರ್ಥಿ, ಸಿಂಧನೂರು

ಉತ್ತರ: ಸೋತವರ ಗುಂಪಲ್ಲ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಎಂಬ ಸಂಸ್ಥೆ 1973ರಲ್ಲಿ ತನ್ನ ಸದಸ್ಯ ಕಾಲೇಜುಗಳನ್ನು ಮೂರು ಡಿವಿಷನ್‌ಗಳಾಗಿ ವಿಂಗಡಿಸಿತು. ಕ್ರಿಕೆಟ್ಟಿನ ಕೆಲವು ಲೀಗ್‌ಗಳಲ್ಲಿ ಸೋತ ತಂಡ ಕೆಳಗಿಳಿದು ಗೆದ್ದ ತಂಡ ಮೇಲೇರುವಂತೆ ಇಲ್ಲಿ ಏರಿಳಿತಗಳಿಲ್ಲ. ಕ್ರೀಡೆಗೆ ಎಷ್ಟು ಹಣ ತೊಡಗಿಸಬೇಕು, ಆಟಗಾರನಿಗೆ ಏನು ಕೊಡಬಹುದು ಎಂಬ ವಿಷಯದಲ್ಲಿ ಕಾಲೇಜು ತಾನೇ ಆರಿಸಿಕೊಂಡ ದಾರಿಯೇ ಅದರ ಡಿವಿಷನ್. ಮೊದಲನೆಯದರ ಮೇಲ್ತುದಿಯಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಂಥವು ಇವೆ. ಅದರ ಕ್ರೀಡಾಂಗಣದಲ್ಲಿ 1,07,601 ಆಸನಗಳಿವೆ. 2025ರಿಂದ ಅಂಥ ವಿಶ್ವವಿದ್ಯಾಲಯಗಳು ತಮ್ಮ ಆದಾಯದಲ್ಲಿ ಆಟಗಾರರಿಗೆ ನೇರವಾಗಿಯೇ ಪಾಲು ಕೊಡಬಹುದು. ಎರಡನೆಯ ಡಿವಿಷನ್‌ನಲ್ಲಿ ಒಂದು ಫುಟ್‌ಬಾಲ್ ತಂಡಕ್ಕೆ 36 ಪೂರ್ಣ ವಿದ್ಯಾರ್ಥಿವೇತನಗಳ ಮೊತ್ತವನ್ನು ಹಲವರಿಗೆ ಹಂಚಿಕೊಡುವ ಅವಕಾಶವಿದೆ. ಮೂರನೆಯದರಲ್ಲಿ ಆಟಕ್ಕಾಗಿ ಒಂದು ರೂಪಾಯಿಯೂ ಇಲ್ಲ. ಹಾಗಿದ್ದೂ ಕಾಲೇಜುಗಳ ಸಂಖ್ಯೆಯಲ್ಲಿ ಈ ಮೂರನೆಯ ಡಿವಿಷನ್ನೇ ದೊಡ್ಡದು. ಸುಮಾರು 240 ಕಾಲೇಜುಗಳು ಅದರಲ್ಲಿ ಫುಟ್‌ಬಾಲ್ ತಂಡ ಕಟ್ಟಿವೆ.

ಜನ ಏಕೆ ನೋಡುತ್ತಾರೆ ಎಂಬುದಕ್ಕೆ ನಾನು ಕಂಡದ್ದನ್ನೇ ಹೇಳುತ್ತೇನೆ. ನೇಪರ್‌ವಿಲ್‌ನ ಆ ಮೈದಾನದಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದವರು ಆಟಗಾರನೊಬ್ಬನ ಅಜ್ಜ. ಮೊಮ್ಮಗ ಅಂದು ಆಡಿದ್ದು ಹೆಚ್ಚೆಂದರೆ ಏಳೆಂಟು ಸಲ. ಅವನು ಒಳಗೆ ಹೋದಾಗಲೆಲ್ಲ ಆ ಹಿರಿಯರು ಮೊಣಕಾಲು ಹಿಡಿದುಕೊಂಡು ಎದ್ದು ನಿಲ್ಲುತ್ತಿದ್ದರು, ಹೊರಗೆ ಬಂದ ಮೇಲೆಯೇ ಕೂರುತ್ತಿದ್ದರು. ನಮ್ಮ ಬಳ್ಳಾರಿಯ ಮುನಿಸಿಪಲ್ ಮೈದಾನದಲ್ಲಿ ಕಬಡ್ಡಿ ನಡೆದಾಗ ಹಳ್ಳಿಯಿಂದ ಬಂದ ತಂದೆಯಂದಿರು ಹೇಗೆ ನಿಲ್ಲುತ್ತಾರೋ ಹಾಗೆಯೇ.

ಪ್ರಶ್ನೆ: ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಫುಟ್‌ಬಾಲ್ ಎಂಬ ಹೆಸರೇಕೆ? ನಿಯಮಗಳನ್ನು ನಮ್ಮಂಥ ರೈತರಿಗೂ ತಿಳಿಯುವಂತೆ ಬರೆಯಿರಿ.
— ಭತ್ತದ ಬೆಳೆಗಾರ, ಗಂಗಾವತಿ ತಾಲ್ಲೂಕು

ಉತ್ತರ: 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದ ಪಂದ್ಯವನ್ನು ಈ ಆಟದ ಮೊದಲ ಕಾಲೇಜು ಪಂದ್ಯವೆಂದು ಎಣಿಸುತ್ತಾರೆ. ಅಂದು ಆಡಿದ್ದು ಬಹುಮಟ್ಟಿಗೆ ಕಾಲಿನ ಆಟವೇ. ಮುಂದೆ ರಗ್ಬಿಯ ರೀತಿಗಳು ಸೇರಿ ಚೆಂಡು ಕೈಗೆ ಬಂದಿತು, ಹೆಸರು ಮಾತ್ರ ಹಾಗೆಯೇ ಉಳಿಯಿತು.

ನಿಯಮವನ್ನು ಭೂಮಿಯ ಲೆಕ್ಕದಲ್ಲಿ ಹೇಳಿದರೆ ತಮಗೆ ಬೇಗ ತಿಳಿಯುತ್ತದೆ. ಎರಡು ತುದಿಯ ಎಂಡ್ ಝೋನ್‌ಗಳನ್ನೂ ಸೇರಿಸಿದರೆ ಮೈದಾನದ ವಿಸ್ತೀರ್ಣ ಸುಮಾರು 1 ಎಕರೆ 13 ಗುಂಟೆ. ಪ್ರತಿ ತಂಡದಲ್ಲಿ 11 ಜನ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶಗಳು. ಒಂದೊಂದನ್ನೂ ಡೌನ್ ಎನ್ನುತ್ತಾರೆ. ಆ ನಾಲ್ಕರೊಳಗೆ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ಹೊಸದಾಗಿ ನಾಲ್ಕು ಅವಕಾಶ ಸಿಗುತ್ತದೆ, ಸಾಗದಿದ್ದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಓಡಿಯೂ ಸಾಗಬಹುದು, ಎಸೆದು ಹಿಡಿದೂ ಸಾಗಬಹುದು. ಚೆಂಡಿನೊಂದಿಗೆ ಎಂಡ್ ಝೋನ್ ಮುಟ್ಟಿದರೆ ಟಚ್‌ಡೌನ್, ಅದಕ್ಕೆ 6 ಅಂಕ. ಆ ಮೇಲೆ ಮೈದಾನದ ತುದಿಯಲ್ಲಿ ನಿಲ್ಲಿಸಿದ ಎರಡು ಕಂಬಗಳ ನಡುವೆ ಚೆಂಡನ್ನು ಒದ್ದರೆ ಇನ್ನೊಂದು ಅಂಕ. ಒದೆಯುವ ಬದಲು ಮತ್ತೊಮ್ಮೆ ಗೆರೆ ದಾಟುವ ಸಾಹಸ ಮಾಡಿ ಗೆದ್ದರೆ ಎರಡು. ಟಚ್‌ಡೌನ್ ಸಾಧ್ಯವಾಗದಾಗ ದೂರದಿಂದಲೇ ಕಂಬಗಳ ನಡುವೆ ಒದ್ದು 3 ಅಂಕ ಪಡೆಯುವುದೂ ಉಂಟು.

ಹತ್ತು ಗಜ ಆಯಿತೋ ಇಲ್ಲವೋ ಎಂಬ ಅನುಮಾನ ಬಂದಾಗ ನಡೆಯುವುದನ್ನು ತಾವು ನೋಡಬೇಕಿತ್ತು. ಗೆರೆಯ ಹೊರಗೆ ಇಬ್ಬರು ಎರಡು ಕೋಲು ಹಿಡಿದು ನಿಂತಿರುತ್ತಾರೆ. ಅವುಗಳ ನಡುವೆ ಸರಿಯಾಗಿ ಹತ್ತು ಗಜದ ಸರಪಳಿ. ರೆಫ್ರಿ ಕರೆದೊಡನೆ ಅವರು ಸರಪಳಿಯನ್ನು ಒಳಗೆ ಹೊತ್ತು ತಂದು, ಒಂದು ಕೋಲನ್ನು ಊರಿ, ಇನ್ನೊಂದನ್ನು ಬಿಗಿಯಾಗಿ ಎಳೆದು ಚೆಂಡಿನ ಮೂತಿಯ ಪಕ್ಕಕ್ಕೆ ನಿಲ್ಲಿಸುತ್ತಾರೆ. ಇಡೀ ಮೈದಾನ ಉಸಿರು ಬಿಗಿಹಿಡಿದು ಎರಡು ಬೆರಳಿನ ಅಂತರವನ್ನು ದಿಟ್ಟಿಸುತ್ತದೆ. ನಮ್ಮ ಮೋಜಣಿಯಲ್ಲಿ ಒಂದು ಗುಂಟೆಯ ಬದಿ 33 ಅಡಿ, ಅವರ ಸರಪಳಿ 30 ಅಡಿ. ಬದುವಿನ ಮೇಲೆ ಸರ್ವೆಯವರು ಸರಪಳಿ ಎಳೆಯುವಾಗ ಎರಡೂ ಹೊಲದವರು ಕಲ್ಲಿನ ಕಡೆಗೆ ನೋಡುವ ನೋಟವೇ ನನಗೆ ಅಲ್ಲಿ ನೆನಪಾಯಿತು.

ಪ್ರಶ್ನೆ: ನಾನೂ ದೈಹಿಕ ಶಿಕ್ಷಣ ಶಿಕ್ಷಕ. ಅವರ ಒಂದು ಋತು ಹೇಗೆ ಆರಂಭವಾಗಿ ಹೇಗೆ ಮುಗಿಯುತ್ತದೆ ಎಂಬುದನ್ನು ಒಂದು ವರ್ಷದ ಉದಾಹರಣೆಯೊಂದಿಗೆ ವಿವರಿಸುವಿರಾ?
— ಶಿಕ್ಷಕರು, ಲಿಂಗಸುಗೂರು

ಉತ್ತರ: ತಮ್ಮ ಪ್ರಶ್ನೆಗೆ ಬಹಳ ಸಂತೋಷದಿಂದ ಉತ್ತರಿಸುತ್ತೇನೆ, ಏಕೆಂದರೆ ಈ ಆಟದಲ್ಲಿ ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಅದರ ಋತುವಿನ ಏರ್ಪಾಡೇ.

ಆಗಸ್ಟ್‌ನಲ್ಲಿ ತರಗತಿಗಳು ಆರಂಭವಾಗುವ ಮುನ್ನವೇ ಆಟಗಾರರು ಬಂದು ಅಭ್ಯಾಸಕ್ಕೆ ಇಳಿಯುತ್ತಾರೆ. ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಪಂದ್ಯಗಳು ಶುರುವಾಗುತ್ತವೆ. ಅಲ್ಲಿಂದ ನವೆಂಬರ್ ನಡುವಿನವರೆಗೆ ವಾರಕ್ಕೊಂದರಂತೆ, ಬಹುತೇಕ ಶನಿವಾರ ಮಧ್ಯಾಹ್ನ, ಸಾಮಾನ್ಯವಾಗಿ ಹತ್ತು ಪಂದ್ಯಗಳು. ಸೋತವರಿಗೂ ಹತ್ತು, ಗೆದ್ದವರಿಗೂ ಹತ್ತು. ಇದನ್ನು ನಮ್ಮ ಪದ್ಧತಿಯೊಡನೆ ಹೋಲಿಸಿ ನೋಡಿ. ನಮ್ಮ ಅಂತರ ಕಾಲೇಜು ಪಂದ್ಯಾವಳಿಗಳು ಎರಡು ಮೂರು ದಿನಗಳಲ್ಲಿ ಮುಗಿಯುತ್ತವೆ. ವರ್ಷವಿಡೀ ಬೆಳಗಿನ ಜಾವ ಎದ್ದು ಓಡಿದ ಹುಡುಗರು ಮೊದಲ ಪಂದ್ಯದಲ್ಲಿ ಸೋತರೆ ಮಧ್ಯಾಹ್ನದ ಬಸ್ಸಿಗೇ ಊರು ಸೇರುತ್ತಾರೆ. ದೈಹಿಕ ಶಿಕ್ಷಣ ನಿರ್ದೇಶಕನಾಗಿ ಅಂಥ ಬಸ್ಸುಗಳಲ್ಲಿ ನಾನು ಎಷ್ಟೋ ಸಲ ಮಕ್ಕಳ ಜೊತೆ ಮಾತಿಲ್ಲದೆ ಕುಳಿತು ಬಂದಿದ್ದೇನೆ. ತಪ್ಪನ್ನು ತಿದ್ದಿಕೊಳ್ಳಲು ಅವರಿಗೆ ಬೇಕಾಗಿದ್ದದ್ದು ಇನ್ನೊಂದು ಶನಿವಾರ, ಅದು ನಮ್ಮಲ್ಲಿರಲಿಲ್ಲ.

ಹತ್ತು ಪಂದ್ಯಗಳ ನಂತರ ಪ್ರಾದೇಶಿಕ ಕೂಟಗಳನ್ನು ಗೆದ್ದವರೂ ಆಯ್ಕೆಯಾದ ಕೆಲವರೂ ಸೋತರೆ ಹೊರಬೀಳುವ ರಾಷ್ಟ್ರೀಯ ಸುತ್ತಿಗೆ ಹೋಗುತ್ತಾರೆ. 2023ರಲ್ಲಿ ಅದಕ್ಕೆ 32 ತಂಡಗಳಿದ್ದವು, 2024ರಿಂದ 40 ಆಗಿವೆ. ಅಂತಿಮ ಪಂದ್ಯಕ್ಕೆ ಆಮೋಸ್ ಅಲೊಂಜೊ ಸ್ಟ್ಯಾಗ್ ಎಂಬ ಹಳೆಯ ತರಬೇತುದಾರರ ಹೆಸರಿನಲ್ಲಿ ಸ್ಟ್ಯಾಗ್ ಬೌಲ್ ಎನ್ನುತ್ತಾರೆ. ಇದರಲ್ಲಿ ಒಹಾಯೊ ರಾಜ್ಯದ ಅಲಯನ್ಸ್ ಎಂಬ ಊರಿನ ಮೌಂಟ್ ಯೂನಿಯನ್ 13 ಸಲ ಗೆದ್ದಿದೆ. 2005ರಿಂದ 2011ರವರೆಗೆ ಸತತ ಏಳು ವರ್ಷ ಅದೂ ವಿಸ್ಕಾನ್ಸಿನ್‌ನ ವೈಟ್‌ವಾಟರ್ ಕಾಲೇಜೂ ಇವೆರಡೇ ಅಂತಿಮದಲ್ಲಿ ಎದುರಾದವು.

ಈಗ 2023ರ ಋತು. ನೇಪರ್‌ವಿಲ್‌ನ ನಾರ್ತ್ ಸೆಂಟ್ರಲ್ 2022ರಲ್ಲಿ ಒಂದೂ ಪಂದ್ಯ ಸೋಲದೆ ಚಾಂಪಿಯನ್ ಆಗಿತ್ತು. 2023ರಲ್ಲಿಯೂ ಸೋಲದೆ ಸತತ 29 ಗೆಲುವುಗಳೊಂದಿಗೆ ಡಿಸೆಂಬರ್ 15ರಂದು ವರ್ಜೀನಿಯಾದ ಸೇಲಂನಲ್ಲಿ ಅಂತಿಮ ಪಂದ್ಯಕ್ಕೆ ಇಳಿಯಿತು. ಎದುರಿಗಿದ್ದದ್ದು ನ್ಯೂಯಾರ್ಕ್ ರಾಜ್ಯದ ಸರ್ಕಾರಿ ಕಾಲೇಜು ಕಾರ್ಟ್‌ಲೆಂಡ್. ದೈಹಿಕ ಶಿಕ್ಷಣ ಶಿಕ್ಷಕರನ್ನು ತಯಾರು ಮಾಡುವುದರಲ್ಲಿ ಬಹುಕಾಲದಿಂದ ಹೆಸರಾದ ಕಾಲೇಜು ಅದು, ಆದ್ದರಿಂದ ತಮಗೂ ನನಗೂ ದೂರದ ನಂಟು ಎನ್ನಬಹುದು. ಅದರ ಹತ್ತಿರದ ಇಥಾಕಾ ಕಾಲೇಜಿನೊಡನೆ ಅದಕ್ಕೆ 1959ರಿಂದ ಒಂದು ಹೂಜಿಗಾಗಿ ಸ್ಪರ್ಧೆ ನಡೆದುಬಂದಿದೆ. 2019ರಲ್ಲಿ ಆ ಪಂದ್ಯವನ್ನು ದೊಡ್ಡ ಕ್ರೀಡಾಂಗಣವೊಂದಕ್ಕೆ ಒಯ್ದಾಗ 45,161 ಜನ ಬಂದಿದ್ದರು. ಆದರೆ ರಾಷ್ಟ್ರೀಯ ಪ್ರಶಸ್ತಿ ಮಾತ್ರ ಕಾರ್ಟ್‌ಲೆಂಡ್‌ಗೆ ಅಲ್ಲಿಯವರೆಗೆ ಒಮ್ಮೆಯೂ ದಕ್ಕಿರಲಿಲ್ಲ.

ಪಂದ್ಯ ಮುಗಿಯುವ ಹೊತ್ತಿಗೆ ಕಾರ್ಟ್‌ಲೆಂಡ್ 38, ನಾರ್ತ್ ಸೆಂಟ್ರಲ್ 31. ಕೊನೆಯ ನಿಮಿಷಗಳಲ್ಲಿ ನಾರ್ತ್ ಸೆಂಟ್ರಲ್ ಟಚ್‌ಡೌನ್ ಗಳಿಸಿ 37ಕ್ಕೆ ಬಂದಿತು. ಒದ್ದು ಒಂದು ಅಂಕ ಪಡೆದಿದ್ದರೆ ಸಮವಾಗುತ್ತಿತ್ತು, ಹೆಚ್ಚುವರಿ ಆಟಕ್ಕೆ ದಾರಿಯಾಗುತ್ತಿತ್ತು. ಆ ತಂಡ ಸಮಬಲವನ್ನು ಬಯಸದೆ ಎರಡು ಅಂಕದ ಸಾಹಸಕ್ಕೇ ಇಳಿಯಿತು. ಕಾರ್ಟ್‌ಲೆಂಡ್‌ನವರು ಗೆರೆ ಬಿಟ್ಟುಕೊಡಲಿಲ್ಲ. 38–37. ಎರಡು ವರ್ಷದಿಂದ ಸೋಲು ಕಾಣದ ತಂಡ ಒಂದೇ ಅಂಕದಿಂದ ಸೋತಿತು. ಆ ನಿರ್ಧಾರ ತಪ್ಪೆಂದು ಮಗಳ ನೆರೆಯವರು ವಾರಗಟ್ಟಲೆ ವಾದಿಸಿದರಂತೆ. ನನಗೆ ಅದು ಸರಿಯೆಂದೇ ಅನಿಸುತ್ತದೆ: ಗೆಲುವು ಮೂರು ಗಜ ದೂರದಲ್ಲಿದ್ದಾಗ ತನ್ನ ಹುಡುಗರನ್ನು ನಂಬಿದ ತರಬೇತುದಾರನ ಮೇಲೆ ನಾನು ತಪ್ಪು ಹೊರಿಸಲಾರೆ. 2024ರ ಋತುವಿನ ಅಂತಿಮದಲ್ಲಿ ಅದೇ ನಾರ್ತ್ ಸೆಂಟ್ರಲ್ ಮೌಂಟ್ ಯೂನಿಯನ್ ತಂಡವನ್ನು 41–25ರಿಂದ ಸೋಲಿಸಿ ಪ್ರಶಸ್ತಿಯನ್ನು ಮರಳಿ ಪಡೆಯಿತು.

ಪ್ರಶ್ನೆ: ಅಲ್ಲಿಯೇ ಹುಟ್ಟಿ ಬೆಳೆದ ನನ್ನ ಮಗಳ ಮಗ ವಿಸ್ಕಾನ್ಸಿನ್‌ನ ಮೂರನೆಯ ಡಿವಿಷನ್ ಕಾಲೇಜೊಂದರ ಫುಟ್‌ಬಾಲ್ ತಂಡ ಸೇರುತ್ತಿದ್ದಾನೆ. ಹಣವಿಲ್ಲದ ಆಟಕ್ಕೆ ತಲೆ ಒಡೆದುಕೊಳ್ಳುವುದೇಕೆ ಎಂದು ನನಗೆ ನಿದ್ದೆ ಬರುತ್ತಿಲ್ಲ. ಅವನ ಆಟವನ್ನು ಇಲ್ಲಿಂದಲೇ ನೋಡಬಹುದೇ?
— ಅಜ್ಜಿಯೊಬ್ಬರು, ಕೊಪ್ಪಳ

ಉತ್ತರ: ಅಮ್ಮಾ, ತಮ್ಮ ಮೂರು ಮಾತುಗಳಲ್ಲಿ ಕೊನೆಯದನ್ನು ಈ ಪುಟದ ಕೊನೆಗೆ ಉಳಿಸಿಕೊಂಡಿದ್ದೇನೆ.

ಹಣದ ವಿಷಯ: ಆಟಕ್ಕಾಗಿ ವಿದ್ಯಾರ್ಥಿವೇತನವಿಲ್ಲ ಎಂದರೆ ಯಾವ ನೆರವೂ ಇಲ್ಲವೆಂದಲ್ಲ. ಅಂಕಗಳ ಮೇಲೆ, ಮನೆಯ ಆದಾಯದ ಮೇಲೆ ಉಳಿದ ವಿದ್ಯಾರ್ಥಿಗಳಿಗೆ ಸಿಗುವ ನೆರವು ಅವನಿಗೂ ಸಿಗುತ್ತದೆ. ಇದರಲ್ಲಿ ಒಂದು ನೆಮ್ಮದಿಯೂ ಇದೆ. ಆಟ ಬೇಡವೆನಿಸಿದ ದಿನ ಅವನು ತಂಡ ಬಿಟ್ಟರೆ ಆ ಕಾರಣಕ್ಕೆ ಅವನ ನೆರವು ನಿಲ್ಲುವುದಿಲ್ಲ, ಓದು ಮುಂದುವರಿಯುತ್ತದೆ.

ಪೆಟ್ಟಿನ ವಿಷಯದಲ್ಲಿ ತಮ್ಮ ಭಯ ನ್ಯಾಯವಾದದ್ದು. 1905ರ ಒಂದೇ ಋತುವಿನಲ್ಲಿ ಈ ಆಟದಲ್ಲಿ ಕನಿಷ್ಠ 18 ಜನ ಸತ್ತಿದ್ದರು. ಆ ಆಘಾತದಿಂದಲೇ ಮರುವರ್ಷ ನಿಯಮಗಳು ಬದಲಾಗಿ, ಗುಂಪಾಗಿ ನುಗ್ಗುವುದರ ಬದಲು ಚೆಂಡನ್ನು ಮುಂದಕ್ಕೆ ಎಸೆಯಲು ಅವಕಾಶವಾಯಿತು. ಇಂದಿನ ಚಿಂತೆ ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನದು. ಮರಣಾನಂತರ ದಾನವಾಗಿ ಬಂದ 202 ಆಟಗಾರರ ಮೆದುಳುಗಳನ್ನು ಬಾಸ್ಟನ್‌ನ ಸಂಶೋಧಕರು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದಾಗ, ಕಾಲೇಜು ಮಟ್ಟದವರೆಗೆ ಆಡಿದ್ದ 53 ಜನರಲ್ಲಿ 48 ಜನರಿಗೆ ಸಿಟಿಇ ಎಂಬ ಮೆದುಳಿನ ರೋಗ ಕಂಡುಬಂದಿತು. ತೊಂದರೆ ಕಂಡವರ ಕುಟುಂಬಗಳೇ ಹೆಚ್ಚಾಗಿ ದಾನ ಮಾಡುತ್ತವೆಯಾದ್ದರಿಂದ ಎಲ್ಲ ಆಟಗಾರರಿಗೂ ಈ ಲೆಕ್ಕವನ್ನು ಅನ್ವಯಿಸಲಾಗದು, ಆದರೆ ಇದನ್ನು ತಮ್ಮಿಂದ ಮುಚ್ಚಿಡುವುದೂ ಸರಿಯಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಕಾಲೇಜು ಫುಟ್‌ಬಾಲ್ ಇತಿಹಾಸದಲ್ಲೇ ಅತಿ ಹೆಚ್ಚು, ಅಂದರೆ 489 ಪಂದ್ಯ ಗೆದ್ದ ತರಬೇತುದಾರರು ದೊಡ್ಡ ವಿಶ್ವವಿದ್ಯಾಲಯದವರಲ್ಲ. ಅವರು ಮಿನೆಸೋಟದ ಸೇಂಟ್ ಜಾನ್ಸ್ ಎಂಬ ಮೂರನೆಯ ಡಿವಿಷನ್ ಕಾಲೇಜಿನ ಜಾನ್ ಗಾಗ್ಲಿಯಾರ್ಡಿ. ಶಾಲೆಯ ತರಬೇತುದಾರರು ಯುದ್ಧಕ್ಕೆ ಹೊರಟಾಗ 16ನೆಯ ವಯಸ್ಸಿನಲ್ಲೇ ತಂಡದ ಹೊಣೆ ಹೊತ್ತವರು, 1953ರಿಂದ 2012ರವರೆಗೆ ಆ ಒಂದೇ ಕಾಲೇಜಿನಲ್ಲಿದ್ದರು. ಅವರ ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ಕೆಡಹುವಂತಿರಲಿಲ್ಲ, ಸೀಟಿ ಊದುವಂತಿರಲಿಲ್ಲ. ಹುಡುಗರು ಅವರನ್ನು ಹೆಸರು ಹಿಡಿದು ಜಾನ್ ಎಂದೇ ಕರೆಯುತ್ತಿದ್ದರು. ಹಾಗೆ ಅಭ್ಯಾಸ ಮಾಡಿಯೇ ಅವರು ನಾಲ್ಕು ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ತಮ್ಮ ಅಳಿಯಂದಿರು ಕಾಲೇಜಿಗೆ ಹೋದಾಗ ಒಂದೇ ಪ್ರಶ್ನೆ ಕೇಳಲಿ: ವಾರದ ಅಭ್ಯಾಸದಲ್ಲಿ ಎಷ್ಟು ದಿನ ನಿಜವಾದ ಡಿಕ್ಕಿ ಇರುತ್ತದೆ? ಉತ್ತರ ಕಡಿಮೆಯಿದ್ದಷ್ಟೂ ಒಳ್ಳೆಯದು. ಪೆಟ್ಟು ಬಿದ್ದ ದಿನ ತಲೆ ತಿರುಗಿದರೆ ಅದನ್ನು ಮುಚ್ಚಿಡಬಾರದೆಂದು ಮೊಮ್ಮಗನಿಗೆ ತಾವೇ ಹೇಳಿ. ಅಜ್ಜಿಯ ಮಾತಿಗೆ ಇರುವ ತೂಕ ನಮ್ಮಂಥವರ ಮಾತಿಗೆ ಇರುವುದಿಲ್ಲ.

ಪ್ರಶ್ನೆ: ಈ ಆಟವನ್ನು ನಮ್ಮ ಶಾಲೆಯ ಮೈದಾನದಲ್ಲಿ ಆಡಿಸಬಹುದೇ?
— ಪ್ರೌಢಶಾಲಾ ಶಿಕ್ಷಕಿ, ಸಿರುಗುಪ್ಪ

ಉತ್ತರ: ಹೆಲ್ಮೆಟ್ಟು, ಭುಜದ ಕವಚಗಳ ಪೂರ್ಣ ಆಟ ಬೇಡ, ಖರ್ಚೂ ಹೆಚ್ಚು, ನಮ್ಮ ಬಿಸಿಲಿಗೆ ಆ ಉಡುಪೂ ಸಲ್ಲದು. ಅದರದೇ ಫ್ಲ್ಯಾಗ್ ಫುಟ್‌ಬಾಲ್ ಎಂಬ ರೂಪದಲ್ಲಿ ಕೆಡಹುವ ಬದಲು ಸೊಂಟಕ್ಕೆ ಸಿಕ್ಕಿಸಿದ ಪಟ್ಟಿಯನ್ನು ಕಿತ್ತರೆ ಸಾಕು. ತಂಡಕ್ಕೆ ಐವರು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೂ ಪುರುಷರಿಗೂ ಇದು ಇರುತ್ತದೆ. ಖೋ ಖೋ ಆಡಿದ ತಮ್ಮ ಹೆಣ್ಣುಮಕ್ಕಳು ತಪ್ಪಿಸಿಕೊಂಡು ಓಡುವುದರಲ್ಲಿ ಯಾರಿಗೂ ಕಡಿಮೆಯಾಗಲಾರರು.

ಈಗ ಕೊಪ್ಪಳದ ಅಮ್ಮನವರ ಕೊನೆಯ ಮಾತು. ಹಲವು ಸಣ್ಣ ಕಾಲೇಜುಗಳು ತಮ್ಮ ಜಾಲತಾಣದಲ್ಲೇ ಪಂದ್ಯವನ್ನು ನೇರವಾಗಿ ತೋರಿಸುತ್ತವೆ, ಮೊಬೈಲಿನಲ್ಲೂ ಕಾಣುತ್ತದೆ. ವಿಸ್ಕಾನ್ಸಿನ್‌ನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಆರಂಭವಾದರೆ ನಮ್ಮಲ್ಲಿ ಶನಿವಾರ ರಾತ್ರಿ 11.30, ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಿಟ್ಟ ಮೇಲೆ 12.30. ಪಂದ್ಯ ಮೂರು ಗಂಟೆ ಹಿಡಿಯುತ್ತದೆ. ತಂಡದಲ್ಲಿ ನೂರರಷ್ಟು ಹುಡುಗರಿರುವುದರಿಂದ ಮೊದಲ ವರ್ಷ ಅವನು ಶನಿವಾರ ಮೈದಾನಕ್ಕೆ ಇಳಿಯದೆಯೂ ಇರಬಹುದು, ಅದಕ್ಕೆ ಬೇಸರ ಬೇಡ. ಹೊಸಬರಿಗಾಗಿ ಸಾಮಾನ್ಯವಾಗಿ ಭಾನುವಾರವೋ ಸೋಮವಾರವೋ ಬೇರೆ ಪಂದ್ಯಗಳಿರುತ್ತವೆ. ಅವುಗಳ ವೇಳೆಯನ್ನೂ ಅವನ ಅಂಗಿಯ ಮೇಲಿನ ಸಂಖ್ಯೆಯನ್ನೂ ಅವನಿಂದಲೇ ಕೇಳಿ ಬರೆದಿಟ್ಟುಕೊಳ್ಳಿ. ಹೆಲ್ಮೆಟ್ ಹಾಕಿದ ಮೇಲೆ ಮುಖ ಗುರುತು ಸಿಗುವುದಿಲ್ಲ.