ಕೆಂಪು ನೆಲ ಕಿತ್ತುಹಾಕಬೇಡಿ

ಜಯನಗರದ ಹಳೇ ಮನೆ, 12ಕ್ಕೆ 14 ಅಡಿ ಹಾಲ್, ರೆಡ್ ಆಕ್ಸೈಡ್ ನೆಲ ತೆಗೆದು ವಿಟ್ರಿಫೈಡ್ ಟೈಲ್ಸ್, ಫಾಲ್ಸ್ ಸೀಲಿಂಗ್ ಹಾಕಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ನೆಲ ಮುಟ್ಟಬೇಡಿ. ಆ ಬಣ್ಣ ಸಿಮೆಂಟಿನಲ್ಲೇ ಕಲೆತಿರುತ್ತದೆ, ಓಡಾಡಿದಷ್ಟೂ ಹೊಳಪು ಬರುತ್ತದೆ. ಸಣ್ಣ ಬಿರುಕಿದ್ದರೆ ಹಾಗೇ ಬಿಡಿ. ತೇಪೆ ಹಾಕಿದರೆ ಹಳೇ ಕೆಂಪಿಗೆ ಹೊಸ ಕೆಂಪು ಹೊಂದುವುದಿಲ್ಲ; ನಮ್ಮ ಮನೆಯ ಹೊಸ್ತಿಲ ಹತ್ತಿರ ಅಂಗೈಯಗಲದ ತೇಪೆ ಇವತ್ತಿಗೂ ಎದ್ದು ಕಾಣುತ್ತದೆ. ಫಾಲ್ಸ್ ಸೀಲಿಂಗ್ ಸುಮ್ನೆ ಅರ್ಧ ಅಡಿ ಎತ್ತರ ನುಂಗುತ್ತದೆ. ಗೋಡೆಗೆ ಆಫ್‌ವೈಟ್, ಮೂಲೆಯಲ್ಲೊಂದು 2700 ಕೆಲ್ವಿನ್‌ನ, ಅಂದ್ರೆ ಬೆಚ್ಚನೆಯ ಹಳದಿ ಬೆಳಕಿನ ಬಲ್ಬ್ ಸಾಕು. ಸೋಫಾಗೆ ಕಳಚಿ ಒಗೆಯುವ ಕವರ್ ಇರಲಿ. ಅಜ್ಜನ ಕುರ್ಚಿಯ ಬೆತ್ತ ಹರಿದಿದೆ ಅಂದಿರಲ್ವಾ? ಹೊಸದಾಗಿ ಹೆಣೆಸಿ ಕಿಟಕಿ ಪಕ್ಕ ಇಡಿ. ಟಿವಿ ಹಿಂದೆ ಗೋಡೆಗೆ ಹಾಕಿಸುವ ಪ್ಯಾನೆಲ್‌ಗೆ ಮಾತ್ರ ಜಾಸ್ತಿ ದುಡ್ಡು ಸುರಿಯಬೇಡಿ, ಟಿವಿ ಬದಲಾದರೆ ಅದೂ ಬದಲಾಗಬೇಕು.